ವಿಶ್ರಾಂತ ದೇಹದ ವೆಚ್ಚ: ಒಂದು ಅಳತೆಯ ಚರಿತ್ರೆ

ಮನುಷ್ಯನು ಉಣ್ಣುವುದು ದುಡಿಯುವುದಕ್ಕಾಗಿ ಎಂಬುದು ಬಹುಜನರ ನಂಬಿಕೆ. ಕೆಲಸವಿಲ್ಲದವನಿಗೆ ಊಟವೇಕೆ ಎಂದು ಗದರಿಸುವ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುವುದುಂಟು. ಆದರೆ ಶರೀರಶಾಸ್ತ್ರವು ಹೇಳುವುದೇ ಬೇರೆ. ಚಾಪೆಯ ಮೇಲೆ ಅಲುಗಾಡದೆ ಮಲಗಿರುವವನ ಹೃದಯವೂ ಬಡಿಯುತ್ತಿರುತ್ತದೆ, ಎದೆಗೂಡು ಏರಿಳಿಯುತ್ತಿರುತ್ತದೆ, ಮೂತ್ರಪಿಂಡಗಳು ರಕ್ತವನ್ನು ಸೋಸುತ್ತಿರುತ್ತವೆ, ಮೆದುಳು ತನ್ನ ಕೆಲಸವನ್ನು ನಿಲ್ಲಿಸುವುದೇ ಇಲ್ಲ. ಇವೆಲ್ಲಕ್ಕೂ ಇಂಧನ ಬೇಕು. ಹೆಚ್ಚಿನ ಮೈಗೆಲಸವಿಲ್ಲದೆ ದಿನ ಕಳೆಯುವವರಲ್ಲಿ ಒಟ್ಟು ವೆಚ್ಚದ ಸುಮಾರು ಮೂರರಲ್ಲಿ ಎರಡು ಪಾಲು ಈ ಒಳಗಿನ ಕೆಲಸಕ್ಕೇ ಸಂದುಹೋಗುತ್ತದೆ. ಇದನ್ನು ಶಾಸ್ತ್ರಜ್ಞರು ಮೂಲ ಚಯಾಪಚಯವೆಂದು ಕರೆದಿದ್ದಾರೆ. ಇದನ್ನು ಅಳೆಯುವ ಮಾನವೇ ಕ್ಯಾಲೊರಿ. ಅಂದರೆ ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಶಾಖ.

ಈ ಅಳತೆಯ ಚರಿತ್ರೆ ವೈದ್ಯರಿಗೆ ಮಾತ್ರ ಸೇರಿದ್ದೆಂದು ಭಾವಿಸಲಾಗದು. ಒಬ್ಬರ ಅನ್ನದ ಪ್ರಮಾಣವನ್ನು ಇನ್ನೊಬ್ಬರು ಗೊತ್ತುಮಾಡುವ ಎಡೆಗಳಲ್ಲೆಲ್ಲ, ಗಂಜಿಕೇಂದ್ರದಲ್ಲಾಗಲಿ ಸೆರೆಮನೆಯಲ್ಲಾಗಲಿ ವಿದ್ಯಾರ್ಥಿನಿಲಯದಲ್ಲಾಗಲಿ, ಈ ಪ್ರಶ್ನೆ ಬಂದೇ ಬರುತ್ತದೆ: ಏನೂ ಮಾಡದೆ ಬದುಕಿರುವುದಕ್ಕೇ ಎಷ್ಟು ಬೇಕು? ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಜೀವ ಮರಣಗಳ ಪ್ರಶ್ನೆಯಾಗಿ ನಿಂತಿತ್ತು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಅಳತೆ ಹುಟ್ಟಿದ ಬಗೆಯನ್ನು ನೋಡೋಣ.

ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ವೈದ್ಯಾಚಾರ್ಯನಾಗಿದ್ದ ಸ್ಯಾಂಟೋರಿಯೋ ಎಂಬಾತನು ದೊಡ್ಡದೊಂದು ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು ಉಂಡು ತನ್ನನ್ನೇ ತೂಗಿಕೊಂಡನು. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಅನೇಕ ವರ್ಷಗಳ ಕಾಲ ತೂಗಿ ಬರೆದಿಟ್ಟು, 1614ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಎಂಟು ಪೌಂಡು ಆಹಾರಪಾನೀಯಗಳನ್ನು ಸೇವಿಸಿದರೆ ಅದರಲ್ಲಿ ಸುಮಾರು ಐದು ಪೌಂಡು ಕಣ್ಣಿಗೆ ಕಾಣದಂತೆ ಮೈಯಿಂದ ಹೊರಟುಹೋಗುತ್ತದೆಂಬುದು ಅವನ ನಿರ್ಣಯ. ಹೋದದ್ದು ಏನು, ಏಕೆ ಹೋಯಿತು ಎಂಬುದು ಅವನಿಗೆ ತಿಳಿಯಲಿಲ್ಲ. ಆದರೂ ಸುಮ್ಮನೆ ಕುಳಿತ ದೇಹವೂ ಖರ್ಚುಮಾಡುತ್ತಿದೆ ಎಂಬುದನ್ನು ತಕ್ಕಡಿಯಿಂದ ತೋರಿಸಿಕೊಟ್ಟ ಕೀರ್ತಿ ಅವನದು.

ಆ ಖರ್ಚು ಒಂದು ಬಗೆಯ ಉರಿಯುವಿಕೆಯೇ ಎಂದು ತೋರಿಸಿದವನು ಫ್ರಾನ್ಸಿನ ಲವಾಸಿಯೆ. ಅವನೂ ಗಣಿತಜ್ಞ ಲಾಪ್ಲಾಸನೂ ಸೇರಿ 1782-83ರ ಚಳಿಗಾಲದಲ್ಲಿ ಮಂಜುಗಡ್ಡೆಯನ್ನು ಸುತ್ತಲೂ ತುಂಬಿದ ಒಂದು ಪಾತ್ರೆಯನ್ನು ಮಾಡಿ, ಅದರ ನಡುವೆ ಗಿನಿಯಿಲಿಯೊಂದನ್ನು ಇಟ್ಟರು. ಇಲಿಯ ಮೈಶಾಖಕ್ಕೆ ಹತ್ತು ಗಂಟೆಗಳಲ್ಲಿ ಸುಮಾರು 13 ಔನ್ಸು ಮಂಜು ಕರಗಿತು. ಅಷ್ಟೇ ಕಾಲದಲ್ಲಿ ಅದು ಹೊರಬಿಟ್ಟ ಇಂಗಾಲಾಮ್ಲ ವಾಯುವನ್ನು ಅಳೆದು, ಅಷ್ಟು ವಾಯುವನ್ನು ಕೊಡುವ ಇದ್ದಲು ಉರಿದರೆ ಎಷ್ಟು ಮಂಜು ಕರಗುವುದೆಂದು ಲೆಕ್ಕಹಾಕಿದಾಗ ಸುಮಾರು 10½ ಔನ್ಸು ಬಂದಿತು. ಎರಡೂ ಸರಿಯಾಗಿ ಹೊಂದಲಿಲ್ಲ. ಆದರೆ ಒಲೆಯ ಉರಿಗೂ ಉಸಿರಿಗೂ ಇರುವ ಸಂಬಂಧವನ್ನು ತೋರಿಸಲು ಅಷ್ಟು ಸಾಮೀಪ್ಯವೇ ಸಾಕಾಗಿತ್ತು.

ಮುಂದೆ ಲವಾಸಿಯೆ ತನ್ನ ಸಹಾಯಕನಾದ ಸೆಗೆನನನ್ನೇ ಪರೀಕ್ಷೆಗೆ ಕೂಡಿಸಿಕೊಂಡನು. ಅವನ ಮುಖಕ್ಕೆ ಮುಸುಕನ್ನು ಕಟ್ಟಿ ಉಸಿರನ್ನು ಅಳೆಯುತ್ತಿರುವಾಗ ಲವಾಸಿಯೆಯ ಪತ್ನಿ ಮೇಜಿನ ಬಳಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಆ ದೃಶ್ಯವನ್ನು ಆಕೆಯೇ ಚಿತ್ರಿಸಿಟ್ಟಿದ್ದಾಳೆ. ಉಪವಾಸವಿದ್ದು ಸುಮ್ಮನೆ ಕುಳಿತಾಗ ಆಮ್ಲಜನಕದ ಬಳಕೆ ಕನಿಷ್ಠವಾಗಿತ್ತು. ಚಳಿಯಲ್ಲಿ ಅದು ಹೆಚ್ಚಿತು. ಉಂಡ ಮೇಲೆ ಹೆಚ್ಚಿತು. ಭಾರವನ್ನೆತ್ತಿದಾಗ ಬಹಳವಾಗಿ ಹೆಚ್ಚಿತು. ಇಂದಿಗೂ ಮೂಲ ವೆಚ್ಚವನ್ನು ಅಳೆಯುವಾಗ ಹಸಿದ ಹೊಟ್ಟೆ, ನಿಶ್ಚಲವಾದ ಮೈ, ಚಳಿಯೂ ಸೆಕೆಯೂ ಇಲ್ಲದ ಕೋಣೆ ಎಂದು ನಿಯಮಗಳನ್ನು ಹಾಕುವುದಕ್ಕೆ ಮೂಲ ಇಲ್ಲಿಯೇ ಇದೆ.

ಲವಾಸಿಯೆ ಇಲ್ಲಿಗೇ ನಿಲ್ಲಲಿಲ್ಲ. 1789ರ ಪ್ರಬಂಧದಲ್ಲಿ ಅವನು ಒಂದು ಸಾಮಾಜಿಕ ಪ್ರಶ್ನೆಯನ್ನೂ ಎತ್ತಿದನು. ತೋಳುಬಲದಿಂದ ಬದುಕುವ ಬಡವನ ದೇಹವು ಸೋಮಾರಿಯಾದ ಶ್ರೀಮಂತನ ದೇಹಕ್ಕಿಂತ ಹೆಚ್ಚಾಗಿ ಉರಿದುಹೋಗುತ್ತದೆ. ಹಾಗಿದ್ದೂ ತುಂಬಿಕೊಳ್ಳುವ ಅನುಕೂಲ ಹೆಚ್ಚಾಗಿರುವುದು ಶ್ರೀಮಂತನಿಗೆ. ಇದೆಂತಹ ವಿಪರ್ಯಾಸ ಎಂಬುದೇ ಆ ಪ್ರಶ್ನೆಯ ತಾತ್ಪರ್ಯ. ಇದನ್ನು ಕೇಳಿದವನೇ ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದುದರಿಂದ, 1794ರ ಮೇ 8ರಂದು ಕ್ರಾಂತಿಕಾರರ ಕೈಯಲ್ಲಿ ತಲೆಯನ್ನು ಕಳೆದುಕೊಂಡನು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆ ಜರ್ಮನಿಯಲ್ಲಿ ಬೆಳೆಯಿತು. ಮ್ಯೂನಿಕ್ಕಿನಲ್ಲಿ ಪೆಟೆನ್‌ಕೋಫರ್ ಮತ್ತು ಫಾಯಿಟ್ ಎಂಬವರು ಮನುಷ್ಯನು ಒಳಗೇ ಇರಬಹುದಾದ ಕೋಣೆಯನ್ನು ಕಟ್ಟಿ ಅವನ ಉಸಿರಾಟವನ್ನು ಅಳೆದರು. ಫಾಯಿಟನ ಶಿಷ್ಯ ರುಬ್ನರನು ಚಿಕ್ಕ ನಾಯಿಗಳೂ ದೊಡ್ಡ ನಾಯಿಗಳೂ ತಮ್ಮ ತೂಕಕ್ಕಿಂತ ಹೆಚ್ಚಾಗಿ ಮೈಯ ಮೇಲ್ಮೈ ವಿಸ್ತೀರ್ಣಕ್ಕೆ ಅನುಸಾರವಾಗಿ ಶಾಖವನ್ನು ವ್ಯಯಿಸುವುವೆಂದು 1883ರಲ್ಲಿ ತೋರಿಸಿದನು. 1894ರಲ್ಲಿ ಅವನೇ ನಾಯಿ ತಿಂದ ಆಹಾರದ ಶಕ್ತಿಗೂ ಅದು ಹೊರಬಿಟ್ಟ ಶಾಖಕ್ಕೂ ಲೆಕ್ಕ ತಾಳೆಯಾಗುವುದನ್ನು ಸಿದ್ಧಪಡಿಸಿದನು. ಪ್ರಾಣಿಯ ಮೈಯೂ ಜಡಪ್ರಪಂಚದ ನಿಯಮಕ್ಕೇ ಒಳಪಟ್ಟಿದೆ ಎಂಬುದು ಇದರಿಂದ ದೃಢವಾಯಿತು.

ಅದೇ ಗುರುವಿನ ಬಳಿ ಅಭ್ಯಾಸಮಾಡಿದ್ದ ಅಟ್‌ವಾಟರನು ಅಮೆರಿಕಕ್ಕೆ ಮರಳಿ, ರೋಸಾ ಎಂಬ ಭೌತವಿಜ್ಞಾನಿಯೊಡನೆ ಮಿಡ್ಲ್‌ಟೌನ್ ಎಂಬ ಊರಿನಲ್ಲಿ ತಾಮ್ರದ ಗೋಡೆಗಳುಳ್ಳ ಕೋಣೆಯನ್ನು ಕಟ್ಟಿಸಿದನು. ಅದು ಸುಮಾರು ಏಳಡಿ ಉದ್ದ, ನಾಲ್ಕಡಿ ಅಗಲ. ಒಳಗೆ ಮಡಿಸುವ ಮಂಚ, ಕುರ್ಚಿ, ಮೇಜುಗಳಿದ್ದವು. ಸಣ್ಣ ಕಿಂಡಿಯೊಂದರಿಂದ ಊಟವನ್ನು ಕೊಡುತ್ತಿದ್ದರು. ಕೊಳವೆಗಳಲ್ಲಿ ಹರಿಯುವ ನೀರು ಒಳಗಿದ್ದವನ ಮೈಶಾಖವನ್ನು ಹೊತ್ತು ತರುತ್ತಿತ್ತು. ಆ ನೀರು ಎಷ್ಟು ಬಿಸಿಯಾಯಿತೆಂಬುದೇ ಲೆಕ್ಕ. ಹೀಗೆ ದಿನಗಟ್ಟಲೆ ಮನುಷ್ಯರನ್ನು ಒಳಗಿರಿಸಿ ನೋಡಿದಾಗ ಬಂದ ಶಕ್ತಿಗೂ ಹೋದ ಶಕ್ತಿಗೂ ಸರಾಸರಿಯಲ್ಲಿ ನೂರಕ್ಕೆ ಒಂದರಷ್ಟು ಕೂಡ ಅಂತರ ಕಾಣಲಿಲ್ಲ. ಒಂದು ಗ್ರಾಂ ಪಿಷ್ಟಕ್ಕೆ 4, ಸಸಾರಜನಕಕ್ಕೆ 4, ಕೊಬ್ಬಿಗೆ 9 ಕ್ಯಾಲೊರಿ ಎಂದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಅಂಕಗಳು ಅಟ್‌ವಾಟರನಿಂದ ಬಂದವು.

ಇಂತಹ ಕೋಣೆಯನ್ನು ಎಲ್ಲೆಡೆಯೂ ಕಟ್ಟಲಾಗದು. ಅದಕ್ಕೆ ಬದಲಾಗಿ ಸುಲಭವಾದ ದಾರಿಯೊಂದು ದೊರೆಯಿತು. ಸಾಮಾನ್ಯವಾದ ಮಿಶ್ರ ಆಹಾರವನ್ನು ಉಣ್ಣುವವನು ಒಂದು ಲೀಟರ್ ಆಮ್ಲಜನಕವನ್ನು ಬಳಸಿದರೆ ಸುಮಾರು 4.8 ಕ್ಯಾಲೊರಿ ಶಾಖ ಹುಟ್ಟುತ್ತದೆ. ಆದುದರಿಂದ ಉಸಿರನ್ನು ಚೀಲದಲ್ಲಿ ಹಿಡಿದು ಆಮ್ಲಜನಕದ ಬಳಕೆಯನ್ನು ಅಳೆದರೆ ಸಾಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಮಲಗಿರುವ ಸಣ್ಣ ಮೈಕಟ್ಟಿನವನೊಬ್ಬನು ನಿಮಿಷಕ್ಕೆ 200 ಮಿಲಿಲೀಟರ್ ಆಮ್ಲಜನಕವನ್ನು ಬಳಸುವನೆಂದುಕೊಳ್ಳೋಣ. ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್, 4.8ರಿಂದ ಗುಣಿಸಿದರೆ 1,382 ಕ್ಯಾಲೊರಿ.

ಅಳೆಯುವ ಉಪಕರಣವೂ ಇಲ್ಲದ ಕಡೆ ಏನು ಮಾಡಬೇಕು? ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಹ್ಯಾರಿಸ್ ಮತ್ತು ಬೆನೆಡಿಕ್ಟ್. ಬೆನೆಡಿಕ್ಟನು ಅಟ್‌ವಾಟರನ ಬಳಿ ಪಳಗಿದವನು. 1907ರಿಂದ ಬಾಸ್ಟನ್ನಿನ ಕಾರ್ನೆಗಿ ಪೋಷಣ ಪ್ರಯೋಗಶಾಲೆಯ ಮುಖ್ಯಸ್ಥ. ಹ್ಯಾರಿಸನು ಸಂಖ್ಯಾಶಾಸ್ತ್ರದಲ್ಲಿ ನುರಿತವನು. 136 ಗಂಡಸರು, 103 ಹೆಂಗಸರು, 94 ನವಜಾತ ಶಿಶುಗಳು, ಇವರ ಅಳತೆಗಳನ್ನು ಒಟ್ಟುಗೂಡಿಸಿ 1919ರ ಗ್ರಂಥದಲ್ಲಿ ಅವರು ಸೂತ್ರಗಳನ್ನು ಕೊಟ್ಟರು. ಗಂಡಸರ ಸೂತ್ರವನ್ನು ಅಂಕಗಳನ್ನು ತುಸು ಸರಳಗೊಳಿಸಿ ಹೇಳುವುದಾದರೆ: ತೂಕದ ಕಿಲೋಗ್ರಾಂಗಳನ್ನು 13.75ರಿಂದ ಗುಣಿಸಿ, ಎತ್ತರದ ಸೆಂಟಿಮೀಟರುಗಳನ್ನು 5ರಿಂದ ಗುಣಿಸಿ, ಎರಡನ್ನೂ 66.5ಕ್ಕೆ ಕೂಡಿಸಿ, ವಯಸ್ಸಿನ ವರ್ಷಗಳನ್ನು 6.75ರಿಂದ ಗುಣಿಸಿ ಬಂದುದನ್ನು ಅದರಿಂದ ಕಳೆಯಿರಿ. 50 ಕಿಲೋಗ್ರಾಂ ತೂಕದ, 160 ಸೆಂಟಿಮೀಟರ್ ಎತ್ತರದ, 30 ವರ್ಷದ ಗಂಡಸಿಗೆ ಸುಮಾರು 1,350 ಕ್ಯಾಲೊರಿ ಬರುತ್ತದೆ. ಹೆಂಗಸರಿಗೆ ಬೇರೆ ಅಂಕಗಳು. 45 ಕಿಲೋಗ್ರಾಂ, 150 ಸೆಂಟಿಮೀಟರ್, 30 ವರ್ಷದ ಹೆಂಗಸಿಗೆ ಸುಮಾರು 1,220 ಬರುತ್ತದೆ. ಎಪ್ಪತ್ತು ವರ್ಷಗಳ ತರುವಾಯ, 1990ರಲ್ಲಿ, ಮಿಫ್ಲಿನ್ ಮತ್ತು ಸೇಂಟ್ ಜಿಯೋರ್ ಎಂಬವರ ಬಳಗವು 498 ಜನರನ್ನು ಅಳೆದು ಮಾಡಿದ ಹೊಸ ಸೂತ್ರದಲ್ಲಿಯೂ ಮೇಲಿನ ಗಂಡಸಿಗೆ 1,355 ಬರುತ್ತದೆ.

ಈ ಅಂಕವನ್ನು ಕೈಯಲ್ಲಿ ಹಿಡಿದುಕೊಂಡು ಈಗ ನಮ್ಮ ಸೀಮೆಗೆ ಮರಳೋಣ. 1876ರಿಂದ 1878ರ ವರೆಗೆ ಮದರಾಸು, ಮೈಸೂರು, ಮುಂಬಯಿ, ಹೈದರಾಬಾದು ಪ್ರಾಂತಗಳನ್ನು ಸುಟ್ಟ ಬರವು ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದು. ಅದರಲ್ಲಿ 50 ಲಕ್ಷಕ್ಕೂ ಹೆಚ್ಚು ಜನರು ಮಡಿದರೆಂದು ಅಂದಾಜು. ಬಳ್ಳಾರಿ ಜಿಲ್ಲೆ ಕಡುವಾಗಿ ನೊಂದ ಜಿಲ್ಲೆಗಳಲ್ಲೊಂದು. ಹಸಿದವರಿಗೆ ಸರಕಾರವು ರಸ್ತೆ, ಕೆರೆಗಳ ಮಣ್ಣುಕೆಲಸವನ್ನು ಕೊಟ್ಟು ಕೂಲಿ ಸಲ್ಲಿಸುತ್ತಿತ್ತು. 1877ರ ಆರಂಭದಲ್ಲಿ ವೈಸರಾಯರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಖರ್ಚನ್ನು ತಗ್ಗಿಸುವ ಉದ್ದೇಶದಿಂದ, ದುಡಿಯುವ ಗಂಡಸಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದನು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ.

ಇದನ್ನು ಎದುರಿಸಿದವನು ಮದರಾಸು ಪ್ರಾಂತದ ನೈರ್ಮಲ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್. ಪ್ರಾಂತದ ಜನರ ಆಹಾರದ ಬಗ್ಗೆ 1863ರಲ್ಲಿಯೇ ವರದಿಯನ್ನು ಸಿದ್ಧಪಡಿಸಿದ್ದ ಅವನು, ಕನಿಷ್ಠ ಒಂದೂವರೆ ಪೌಂಡು ಧಾನ್ಯವೂ ಅದರ ಜೊತೆಗೆ ಬೇಳೆ ತರಕಾರಿಗಳೂ ಬೇಕೆಂದು ವಾದಿಸಿದನು. ಮದರಾಸು ಸರಕಾರವು ಕೆಲವು ತಿಂಗಳ ಬಳಿಕ ಪಡಿಯನ್ನು ಒಂದೂಕಾಲು ಪೌಂಡು ಧಾನ್ಯ ಮತ್ತು ಒಂದಿಷ್ಟು ಬೇಳೆಗೆ ಏರಿಸಿ, ನಡುದಾರಿಯನ್ನು ಹಿಡಿಯಿತು. ರುಬ್ನರನ ಅಳತೆಗಳು ಹೊರಬರಲು ಇನ್ನೂ ಆರು ವರ್ಷಗಳಿದ್ದವು. ಮಲಗಿರುವವನಿಗೆ ಎಷ್ಟು, ದುಡಿಯುವವನಿಗೆ ಎಷ್ಟು ಎಂದು ಬಿಡಿಸಿ ತೋರಿಸುವ ಅಂಕವು ಆ ವಿವಾದದಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ.

ಇಂದು ನಾವು ಆ ಲೆಕ್ಕವನ್ನು ಮಾಡಬಹುದು. ಒಂದು ಪೌಂಡೆಂದರೆ 454 ಗ್ರಾಂ. ಜೋಳವಾಗಲಿ ಅಕ್ಕಿಯಾಗಲಿ, ಅದರಿಂದ ದೊರೆಯುವುದು ಸುಮಾರು 1,500ರಿಂದ 1,600 ಕ್ಯಾಲೊರಿ. 50 ಕಿಲೋಗ್ರಾಂ ತೂಕದ ಗಂಡಸಿನ ದೇಹವು ಸುಮ್ಮನೆ ಮಲಗಿದ್ದರೂ ವ್ಯಯಿಸುವುದು 1,350. ಉಳಿದದ್ದು ಹೆಚ್ಚೆಂದರೆ 250. ಗುದ್ದಲಿ ಹಿಡಿದು ನೆಲವನ್ನು ಅಗೆಯುವ ಕೆಲಸಕ್ಕೆ ಅಷ್ಟು ಶಕ್ತಿ ಸುಮಾರು ಒಂದು ಗಂಟೆಗೇ ಮುಗಿದುಹೋಗುತ್ತದೆ. ಒಂದಾಣೆಯಿಂದ ಬರಗಾಲದ ಬೆಲೆಯಲ್ಲಿ ಉಪ್ಪು, ಬೇಳೆ, ಸೌದೆ ಎಲ್ಲವೂ ಆಗಬೇಕು. ದಿನವೆಲ್ಲ ಮಣ್ಣು ಹೊತ್ತವನು ಮಿಕ್ಕ ಗಂಟೆಗಳ ಕೂಲಿಯನ್ನು ತನ್ನ ಮಾಂಸಖಂಡಗಳಿಂದಲೇ ತೆತ್ತನೆಂದು ಹೇಳಬೇಕಾಗುತ್ತದೆ.

ಹಸಿವು ಮುಂದುವರಿದರೆ ಏನಾಗುವುದೆಂಬುದನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬವರು 1944-45ರಲ್ಲಿ ಪರೀಕ್ಷಿಸಿದರು. ಸ್ವ ಇಚ್ಛೆಯಿಂದ ಬಂದ 36 ಮಂದಿ ತರುಣರಿಗೆ 24 ವಾರಗಳ ಕಾಲ ದಿನಕ್ಕೆ ಸುಮಾರು 1,570 ಕ್ಯಾಲೊರಿಗಳ ಆಹಾರವನ್ನಷ್ಟೇ ಕೊಡಲಾಯಿತು. ಅವರು ನಮ್ಮ ಕೂಲಿಕಾರರಿಗಿಂತ ದೊಡ್ಡ ಮೈಯವರು ನಿಜ. ಆದರೆ ಮಣ್ಣು ಹೊರುತ್ತಿರಲಿಲ್ಲ, ಮಲಗಲು ಹಾಸಿಗೆಯೂ ನೋಡಿಕೊಳ್ಳಲು ವೈದ್ಯರೂ ಇದ್ದರು. ಹಾಗಿದ್ದೂ ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ಗಮನಿಸಬೇಕಾದದ್ದು, ಅವರ ವಿಶ್ರಾಂತಿಯ ವೆಚ್ಚವೂ ನೂರಕ್ಕೆ ಸುಮಾರು 40ರಷ್ಟು ಕುಸಿಯಿತು. ದೇಹವು ಕುಗ್ಗಿದ್ದರಿಂದ ಒಂದು ಭಾಗ ಇಳಿಯಿತು. ಉಳಿದ ಅಂಗಾಂಶಗಳೂ ಖರ್ಚನ್ನು ಬಿಗಿಹಿಡಿದವು. ಹೃದಯದ ಬಡಿತ ನಿಧಾನವಾಯಿತು, ಮೈ ತಣ್ಣಗಾಯಿತು, ಉತ್ಸಾಹ ಅಡಗಿತು. ವೆಚ್ಚ ಕಡಿಮೆಯಾಯಿತೆಂದ ಮಾತ್ರಕ್ಕೆ ಅಗತ್ಯ ಕಡಿಮೆಯಾಯಿತೆಂದು ಹೇಳಲಾಗದು ಎಂಬ ಪಾಠವನ್ನು ಈ ಪರೀಕ್ಷೆ ಕಲಿಸುತ್ತದೆ.

ಈ ಪಾಠವನ್ನು ಮರೆತರೆ ಎಂತಹ ತಪ್ಪಿಗೆ ಎಡೆಯಾಗುವುದೆಂಬುದಕ್ಕೆ ಭಾರತದ ಅಳತೆಗಳೇ ಸಾಕ್ಷಿ. ಮದರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಎಲಿನರ್ ಮೇಸನ್ ಎಂಬಾಕೆ, ಅದೇ ಬೆನೆಡಿಕ್ಟನ ಸಹಯೋಗದಲ್ಲಿ, ದಕ್ಷಿಣ ಭಾರತದ ಸ್ತ್ರೀಯರ ಮೂಲ ವೆಚ್ಚವನ್ನು ಅಳೆದು 1931ರಲ್ಲಿ ಪ್ರಕಟಿಸಿದರು. ಅಮೆರಿಕದ ಸೂತ್ರ ಹೇಳುವುದಕ್ಕಿಂತ ಅದು ಗಣನೀಯವಾಗಿ ಕಡಿಮೆಯಾಗಿತ್ತು. ಇದಕ್ಕೆ ಹವೆ ಕಾರಣವೋ, ಆಹಾರ ಕಾರಣವೋ, ಜನಾಂಗವೇ ಕಾರಣವೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಜನಾಂಗವೇ ಕಾರಣವೆಂದು ಒಪ್ಪಿಬಿಟ್ಟರೆ, ಈ ಜನರಿಗೆ ಹುಟ್ಟಿನಿಂದಲೇ ಕಡಿಮೆ ಅನ್ನ ಸಾಕು ಎಂಬ ಮಾತಿಗೆ ದಾರಿಯಾಗುತ್ತದೆ.

ಇನ್ನೊಂದೆಡೆ, ಜಗತ್ತಿಗೆಲ್ಲ ಅನ್ವಯಿಸಲೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 1985ರಲ್ಲಿ ಸ್ವೀಕರಿಸಿದ ಸ್ಕೋಫೀಲ್ಡನ ಸೂತ್ರಗಳಿಗೆ ಸುಮಾರು ಏಳು ಸಾವಿರ ಜನರ ಅಳತೆಗಳು ಆಧಾರವಾಗಿದ್ದವು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಟಲಿಯವರು, ಉಷ್ಣವಲಯದವರು ಅತ್ಯಲ್ಪ. ಲೋಕದ ಸರಾಸರಿಯೆಂದು ಕರೆದದ್ದು ಬಹುಮಟ್ಟಿಗೆ ಒಂದು ದೇಶದ ಸರಾಸರಿಯಾಗಿತ್ತು. ಆ ಸೂತ್ರವು ನಮ್ಮ 50 ಕಿಲೋಗ್ರಾಂ ತೂಕದ ತರುಣನಿಗೆ 1,440ಕ್ಕೂ ಮಿಕ್ಕ ಅಂಕವನ್ನು ಕೊಡುತ್ತದೆ. ಭಾರತೀಯರಿಗೆ ಇದು ಹೆಚ್ಚಾಯಿತೆಂದು ಕಂಡುಬಂದುದರಿಂದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ನೂರಕ್ಕೆ ಐದರಷ್ಟು ತಗ್ಗಿಸಿದ ಸೂತ್ರವನ್ನು ಬಳಕೆಗೆ ತಂದಿತು. ಅದರಂತೆ ಅದೇ ತರುಣನಿಗೆ 1,370 ಬರುತ್ತದೆ.

ಕಾರಣವನ್ನು ಹುಡುಕುವ ಕೆಲಸದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ ಪಾತ್ರ ಹಿರಿದು. ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್ ಮೊದಲಾದವರು 1980ರ ದಶಕದಿಂದ ಭಾರತೀಯರನ್ನು ಎಚ್ಚರಿಕೆಯಿಂದ ಅಳೆದರು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತದವರನ್ನೂ ಆಸ್ಟ್ರೇಲಿಯದವರನ್ನೂ ಹೋಲಿಸಿ ನೋಡಿದರು. ಬರಿಯ ತೂಕವನ್ನಲ್ಲದೆ ದೇಹದಲ್ಲಿ ಕೊಬ್ಬೆಷ್ಟು, ಕೊಬ್ಬಲ್ಲದ ಅಂಗಾಂಶವೆಷ್ಟು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಜನಾಂಗದ ಭೇದವೆಂಬುದು ಕಾಣಲಿಲ್ಲ. ಇದು ಆಶ್ಚರ್ಯವಲ್ಲ. ಮೆದುಳು, ಪಿತ್ತಜನಕಾಂಗ, ಹೃದಯ, ಮೂತ್ರಪಿಂಡಗಳು ತೂಕದಲ್ಲಿ ದೇಹದ ಇಪ್ಪತ್ತರಲ್ಲಿ ಒಂದು ಪಾಲಿನ ಆಸುಪಾಸು ಇದ್ದರೂ ವಿಶ್ರಾಂತಿಯ ವೆಚ್ಚದ ಅರ್ಧಕ್ಕೂ ಮಿಕ್ಕ ಪಾಲನ್ನು ಅವೇ ವ್ಯಯಿಸುತ್ತವೆ. ಕೊಬ್ಬು ವ್ಯಯಿಸುವುದು ಅತ್ಯಲ್ಪ. ತಕ್ಕಡಿಯ ಮೇಲೆ ಸಮನಾಗಿ ತೂಗುವ ಇಬ್ಬರು ಒಳಗಿನ ಒಲೆಯಲ್ಲಿ ಸಮನಾಗಿರಬೇಕೆಂಬ ನಿಯಮವಿಲ್ಲ.

ಈ ಅಂಕಗಳು ಪ್ರಯೋಗಶಾಲೆಯಲ್ಲಿಯೇ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ 1979ರ ಕಾರ್ಯತಂಡವೊಂದು ಹಳ್ಳಿಗೆ ತಲಾ 2,400, ಪಟ್ಟಣಕ್ಕೆ 2,100 ಕ್ಯಾಲೊರಿಗಳೆಂದು ಗೊತ್ತುಮಾಡಿ, ಅಷ್ಟನ್ನು ಕೊಳ್ಳಲಾರದವರನ್ನು ಬಡವರೆಂದು ಎಣಿಸುವ ರೇಖೆಯನ್ನು ಎಳೆಯಿತು. 2009ರ ತೆಂಡೂಲ್ಕರ್ ಸಮಿತಿಯು ಕ್ಯಾಲೊರಿಯ ಆ ಕಟ್ಟನ್ನು ಸಡಿಲಿಸುವ ವರೆಗೂ, ಯಾರು ಬಡವರು ಎಂಬ ಪ್ರಶ್ನೆಗೆ ಉತ್ತರವು ಈ ಬಗೆಯ ಲೆಕ್ಕದ ಮೇಲೆಯೇ ನಿಂತಿತ್ತು.

ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ. ಶಾಲೆಯಲ್ಲಿ ತಕ್ಕಡಿಯೂ ಗೋಡೆಯ ಮೇಲೆ ಅಳತೆಯ ಗೆರೆಯೂ ಇದ್ದರೆ ಈ ಪಾಠವನ್ನು ಮಾಡಿಸಬಹುದು. ಮೇಲಿನ ಸೂತ್ರ ಬೆಳೆದವರದು. ಬೆಳೆಯುವ ಮಕ್ಕಳ ವೆಚ್ಚವು ಬೇರೆ. ಆದುದರಿಂದ ಹುಡುಗರು ಮನೆಯ ಹಿರಿಯರೊಬ್ಬರ ತೂಕ, ಎತ್ತರ, ವಯಸ್ಸುಗಳನ್ನು ತಂದು ಲೆಕ್ಕಮಾಡಲಿ. ಬಂದ ಅಂಕವು ಅಂದಾಜೇ ಹೊರತು ನಿರ್ಣಯವಲ್ಲವೆಂಬುದನ್ನೂ ತಿಳಿಸಿರಿ. ಆರೋಗ್ಯವಂತರಲ್ಲಿಯೇ ಅದು ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯಾಗುವುದು ಸಹಜ. ಜ್ವರವು ಒಂದು ಡಿಗ್ರಿ ಸೆಂಟಿಗ್ರೇಡು ಏರಿದರೆ ವೆಚ್ಚವು ನೂರಕ್ಕೆ ಹತ್ತಕ್ಕೂ ಮೇಲೆ ಏರುತ್ತದೆ. ಕಾಯಿಲೆಯವನಿಗೆ ಮಲಗಿರುವನಲ್ಲಾ ಎಂದು ಊಟವನ್ನು ಕಡಿಮೆಮಾಡುವುದು ಎಂತಹ ಅವಿವೇಕವೆಂಬುದು ಇದರಿಂದ ತಿಳಿಯುತ್ತದೆ.

ಲೆಕ್ಕವಾದ ಮೇಲೆ ಮಕ್ಕಳಿಗೆ ಇನ್ನೊಂದು ಪ್ರಶ್ನೆಯನ್ನು ಕೊಡಬೇಕು: ಈ ಸೂತ್ರವನ್ನು ಮಾಡಿದವರು ಯಾರ ಮೈಯನ್ನು ಅಳೆದು ಮಾಡಿದರು? ಟೆಂಪಲ್ಲನ ಬಳಿ ಅಳತೆಯಿರಲಿಲ್ಲ, ಆಜ್ಞೆಯಿತ್ತು. ಮುಂದಿನವರ ಬಳಿ ಅಳತೆಯಿತ್ತು, ಅದು ಅನ್ಯರ ಮೈಯದಾಗಿತ್ತು. ನಮ್ಮವರನ್ನೇ ಅಳೆದು, ಕಡಿಮೆ ಬಂದುದಕ್ಕೆ ಕಾರಣವನ್ನು ವಿಚಾರಿಸಿದ ಮೇಲೆಯೇ ನ್ಯಾಯವಾದ ಉತ್ತರ ದೊರೆಯಿತು. ಧಾತು ವರ್ಷದಲ್ಲಿ ಬಳ್ಳಾರಿಯ ಸೀಮೆಯಲ್ಲಿ ಮಣ್ಣು ಹೊತ್ತವರು ತಮಗೆ ಸಾಲದೆಂಬುದನ್ನು ಯಾವ ಸೂತ್ರವೂ ಇಲ್ಲದೆ ಬಲ್ಲವರಾಗಿದ್ದರು. ಅವರ ಮಾತನ್ನು ಅಂಕಗಳಿಂದ ಸಮರ್ಥಿಸುವ ವಿದ್ಯೆ ಈಗ ನಮ್ಮ ಮಕ್ಕಳ ಕೈಗೆ ಬಂದಿದೆ. ಅದನ್ನು ಅವರು ಕನ್ನಡದಲ್ಲಿ ಕಲಿತು, ಮನೆಯಲ್ಲಿ ಹೇಳುವಂತಾದರೆ ಈ ಲೇಖನದ ಉದ್ದೇಶ ಸಫಲವಾಯಿತೆಂದು ತಿಳಿಯುತ್ತೇವೆ.